ಎರಡು ಉಡಿ, ಒಂದು ವೋಟು

ದೊಡ್ಡ ಚುನಾವಣೆಗಳಿಗೆ ನಾನು ಹೆದರುವವಳಲ್ಲ. ದಿಲ್ಲಿಗೆ ಯಾರು ಹೋಗಬೇಕು, ಆಂಧ್ರದ ಗಾದಿಯ ಮೇಲೆ ಯಾರು ಕೂಡಬೇಕು ಎಂದು ಕೇಳಿದರೆ ಬಟ್ಟೆ ಒಣಹಾಕುತ್ತಲೇ ಒಂದು ಅಭಿಪ್ರಾಯ ಹೇಳಿಬಿಡಬಲ್ಲೆ. ದಿಲ್ಲಿಗೆ ಹೋದವರು ಮರುದಿನ ನಮ್ಮ ಬಾಗಿಲಿಗೆ ಬಂದು, ನೀನು ನನಗೆ ಹಾಕಲಿಲ್ಲವಲ್ಲ ಎಂದು ಮುಖ ಊದಿಸಿಕೊಳ್ಳುವುದಿಲ್ಲ. ಕಾರ್ಪೊರೇಷನ್ ಚುನಾವಣೆಯ ಕಷ್ಟವೇ ಬೇರೆ. ಅದಕ್ಕೆ ನಿಂತವರು ಬೆಳಿಗ್ಗೆ ಹಾಲಿನ ಬೂತಿನಲ್ಲಿ ಸಿಗುತ್ತಾರೆ, ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳುತ್ತಾರೆ. ಅವರೆದುರು ಮುಖ ಎಲ್ಲಿಡುವುದು?

ನಾವಿರುವುದು ಆಂಧ್ರದ ರಾಜಧಾನಿಯಲ್ಲಿ, ತಾರ್ನಾಕದ ಒಂದು ಗಲ್ಲಿಯಲ್ಲಿ. ಆ ಸಲ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಪಕ್ಕದ ಮನೆಯ ಶರಣಪ್ಪನವರು, ನಮ್ಮಂತೆಯೇ ಕಲಬುರ್ಗಿ ಕಡೆಯವರು, ಕಾರ್ಪೊರೇಟರ್ ಆಗಬೇಕೆಂದು ಎಷ್ಟೋ ವರ್ಷದಿಂದ ಬಿಳಿ ಜುಬ್ಬಾಗಳನ್ನು ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದರು. ಮೀಸಲಾತಿಯ ಸುದ್ದಿ ಕೇಳಿ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಹೆಂಡತಿ ಸುಭದ್ರಾಳನ್ನು ನಿಲ್ಲಿಸಿಬಿಟ್ಟರು. ಪಾಪ, ಅವಳು ರೊಟ್ಟಿ ಬಡಿಯುತ್ತಿದ್ದಳಂತೆ. ಹಿಟ್ಟಿನ ಕೈಯಲ್ಲೇ ಸಹಿ ಮಾಡಿದೆ ಎಂದು ನನ್ನ ಮುಂದೆ ಹೇಳಿಕೊಂಡಳು. ಸುಭದ್ರಾ ಬರೀ ನೆರೆಯವಳಲ್ಲ. ನಮಗೆ ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ಅದರ ಮನಸ್ಸಿಗೆ ಬಂದರೆ. ಉಳಿದ ದಿನ ಅವರ ಬೋರಿನ ಪೈಪು ಅಡ್ಡಗೋಡೆ ಹತ್ತಿ ಇಳಿದು ನಮ್ಮ ತೊಟ್ಟಿ ತುಂಬಿಸುತ್ತದೆ. ಆದ್ದರಿಂದ ನನ್ನ ವೋಟು ಯಾರಿಗೆಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ.

ಕೆಟ್ಟದ್ದು ಒಂದು ಮಧ್ಯಾಹ್ನ. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದೆ. ಎದುರು ಪಕ್ಷದಿಂದ ನಿಂತಿದ್ದ ಯಾದಮ್ಮ ಏಳೆಂಟು ಹೆಂಗಸರ ಜೊತೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿದರು. ಈ ಕುಂಕುಮ ನೋಡಿ, ಅದು ಹಣೆಗೆ ತಾಗಿದೊಡನೆ ನಮ್ಮ ಕಡೆಯ ಹೆಂಗಸರ ಕೈ ತಲೆಯನ್ನು ಕೇಳುವುದಿಲ್ಲ. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವುದುಂಟೇ? ಎದ್ದು ಒಂದು ಕುಬಸದ ಖಣ, ತೆಂಗಿನಕಾಯಿ, ಎಲೆಅಡಿಕೆ ತಂದು, ಹಸನಾದ ಅಕ್ಕಿಯ ಜೊತೆ ಆಕೆಯ ಸೆರಗಿಗೆ ಹಾಕಿ ಉಡಿ ತುಂಬಿಬಿಟ್ಟೆ. ನಮ್ಮಲ್ಲಿ ಇದು ಚಹಾ ಕೊಟ್ಟಷ್ಟೇ ಸಲೀಸು.

ಯಾದಮ್ಮನ ಕಣ್ಣಲ್ಲಿ ನೀರು. ತೆಲಂಗಾಣದಲ್ಲಿ ಸೆರಗಿಗೆ ಅಕ್ಕಿ ಹಾಕುವುದು ತವರಿನವರು ಮಾತ್ರ ಎಂದು ನನಗೇನು ಗೊತ್ತು? ಆಕೆಯ ತವರಿನಲ್ಲಿ ಯಾರೂ ಉಳಿದಿಲ್ಲವಂತೆ, ತಾಯಿ ಹೋದಮೇಲೆ ಒಬ್ಬರೂ ಅಕ್ಕಿ ಹಾಕಿರಲಿಲ್ಲವಂತೆ. ಇಂದಿನಿಂದ ಇದೇ ನನ್ನ ತಲ್ಲಿಗಾರಿಲ್ಲು, ನನ್ನ ತವರುಮನೆ ಎಂದು ತೆಲುಗಿನಲ್ಲಿ ಹೇಳಿ, ನನಗಿಂತ ನಾಲ್ಕು ವರ್ಷವಾದರೂ ಹಿರಿಯಳಾದ ಆ ಮಗಳು ನನ್ನ ಕಾಲಿಗೆ ನಮಸ್ಕರಿಸಿದಳು. ತವರಿನ ವೋಟು ಮಗಳಿಗೆ ತಾನೇ ಅಮ್ಮಾ ಎಂದಳು. ನಾನು ಹೂಂ ಎಂದುಬಿಟ್ಟೆ.

ಸಂಜೆ ಆಟೋದ ಮೈಕಿನಲ್ಲಿ ನಮ್ಮ ಮನೆ ಯಾದಮ್ಮನ ತವರುಮನೆ ಎಂದು ಗಲ್ಲಿಗೆಲ್ಲ ಸಾರಿದರು. ಮರುದಿನ ಪೈಪಿನಲ್ಲಿ ನೀರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೋಟಾರು ಕೆಟ್ಟಿದೆಯೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದರ ಸದ್ದು ಮಾತ್ರ ಗೋಡೆಯಾಚೆ ಚೆನ್ನಾಗಿ ಕೇಳುತ್ತಿತ್ತು. ಕೊನೆಗೆ ಸುಭದ್ರಾಳೇ ಬಂದು ನಡುಮನೆಯಲ್ಲಿ ಕೂತಳು.

"ಅಕ್ಕಾರ, ನನ್ನ ಉಡಿ ಯಾವಾಗ ತುಂಬತೀರಿ?" ಎಂದಳು.

ಅವಳಿಗೂ ತುಂಬಿದೆ. ಅಕ್ಕಿ ಎರಡು ಹಿಡಿ ಹೆಚ್ಚಾಗಿಯೇ ಹಾಕಿದೆ. ಸೆರಗು ಗಂಟು ಹಾಕಿಕೊಳ್ಳುತ್ತ ಅವಳು ಮೆಲ್ಲಗೆ, "ನನಗ ಗೆಲ್ಲೋದ ಬ್ಯಾಡಾಗೇತ್ರಿ. ಆದ್ರ ಬಾಜೂ ಮನಿ ವೋಟಽ ಬರಲಿಲ್ಲ ಅಂದ್ರ ನಮ್ಮ ಮನ್ಯಾಗಿನವರು ನನ್ನ ಸುಮ್ನ ಬಿಡತಾರೇನ್ರಿ?" ಎಂದಳು. ನಾನು ಅವಳ ಕೈ ಹಿಡಿದು, ನಾನಿಲ್ಲವೇ ಎಂದೆ. ಇದ್ದೆ, ಸರಿ. ಆದರೆ ಎರಡು ಕಡೆ ಇದ್ದೆ.

ರಾತ್ರಿ ನಮ್ಮವರ ಮುಂದೆ ಒಂದು ಉಪಾಯ ಇಟ್ಟೆ. ಮನೆಯಲ್ಲಿ ಎರಡು ವೋಟಿವೆ, ನಾನು ಒಬ್ಬರಿಗೆ ಹಾಕುತ್ತೇನೆ, ನೀವು ಇನ್ನೊಬ್ಬರಿಗೆ ಹಾಕಿ. ಬಾಲಾನಗರದ ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ಮಾತಾಡಿ ಮಾತಾಡಿ ಅವರ ಮಾತು ಮೊದಲೇ ಮೊಟಕು. "ವೋಟ ಅಂದ್ರ ಹೋಳಿಗಿ ಏನ, ಆಕೀಗೊಂದು ಈಕೀಗೊಂದು ಹಂಚಾಕ?" ಎಂದು ಮಗ್ಗುಲಾದರು.

ಮತದಾನದ ದಿನ ಅವರು ಬೆಳಿಗ್ಗೆಯೇ ಹೋಗಿ ಹಾಕಿ, ಹಾಗೇ ಕೆಲಸಕ್ಕೆ ಹೋದರು. ನಾನು ಮಧ್ಯಾಹ್ನದವರೆಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದೆ, ತೊಳೆದವನ್ನೇ ಮತ್ತೆ ತೊಳೆದೆ. ಸರ್ಕಾರಿ ಶಾಲೆಯ ಸಾಲಿನಲ್ಲಿ ನಿಂತಾಗ ಒಂದು ಹೆಜ್ಜೆಗೆ ಸುಭದ್ರಾ, ಮುಂದಿನ ಹೆಜ್ಜೆಗೆ ಯಾದಮ್ಮ. ಕೊನೆಗೆ ಬೆರಳಿಗೆ ಶಾಯಿ ಬಿತ್ತು, ರಟ್ಟಿನ ಮರೆಗೆ ಹೋದೆ, ಕಣ್ಣುಮುಚ್ಚಿ ದೇವರನ್ನು ನೆನೆದು ತೆರೆದೆ. ನೋಡುತ್ತೇನೆ, ಸುಭದ್ರಾಳೂ ಇಲ್ಲ, ಯಾದಮ್ಮನೂ ಇಲ್ಲ! ಎಲ್ಲ ಕೇಳದ ಹೆಸರು, ಅದೂ ಎಲ್ಲ ಗಂಡಸರು. ಯಂತ್ರ ತಪ್ಪಿದೆ ಎಂದು ಹೊರಗೆ ಬಂದು ಹೇಳಿದೆ. ಅಧಿಕಾರಿ ನನ್ನ ಚೀಟಿ ನೋಡಿ, ತಾಳ್ಮೆಯಿಂದ, ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದ್ದಾರೆ, ನಿಮ್ಮ ಮನೆ ಈ ವಾರ್ಡಿಗೆ ಬಂತು, ನಿಮ್ಮ ಪಕ್ಕದ ಮನೆಯಿಂದ ಹಿಡಿದು ಆಚೆಯದೆಲ್ಲ ಬೇರೆ ವಾರ್ಡು ಎಂದು ತಿಳಿಸಿ ಹೇಳಿದರು. ಅಂದರೆ ಗಡಿ ನಮ್ಮ ಅಡ್ಡಗೋಡೆ. ನಮ್ಮ ನೀರಿನ ಪೈಪು ದಿನವೂ ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಹೋಗಿಬರುತ್ತಿತ್ತು. ನಾನು ಒಳಗೆ ಮರಳಿ, ಕೈಗೆ ಸಿಕ್ಕ ಗುಂಡಿ ಒತ್ತಿ, ಪೀಂ ಎನ್ನಿಸಿ ಬಂದೆ. ಸಂಜೆ ನಮ್ಮವರನ್ನು ತರಾಟೆಗೆ ತೆಗೆದುಕೊಂಡರೆ, "ಚೀಟಿ ಮ್ಯಾಲ ಬರದಿತ್ತಲ್ಲ" ಎಂದರು.

ಫಲಿತಾಂಶ ಬಂತು. ಸುಭದ್ರಾಳ ವಾರ್ಡಿನಲ್ಲಿ ಗೆದ್ದವಳು ಮೂರನೆಯವಳು, ಯಾರ ಮನೆಗೂ ಕುಂಕುಮ ಹಚ್ಚಲು ಹೋಗದವಳು. ಯಾದಮ್ಮ ಬಂದು, ತವರಾದರೂ ಕೈ ಬಿಡಲಿಲ್ಲ ಎಂದು ಕಣ್ಣೊರೆಸಿಕೊಂಡಳು. ಅವಳು ಗೇಟು ದಾಟುವುದನ್ನೇ ಕಾಯುತ್ತಿದ್ದ ಸುಭದ್ರಾ ಬಂದಳು. "ಎಲ್ಲಾರೂ ಕೈ ಕೊಟ್ರೂ ನೀವ ಹಾಕಿದ್ರಲ್ರೀ ಅಕ್ಕಾರ, ಅಷ್ಟ ಸಾಕು. ಮನ್ಯಾಗೂ ಹಂಗ ಹೇಳೀನಿ" ಎಂದಳು. ಗಡಿಯ ವಿಷಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಹಿತ್ತಲ ತೊಟ್ಟಿಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ನಾನು ಚಹಾಕ್ಕಿಟ್ಟೆ.

ಸಂಜೆ ಗಲ್ಲಿಯಲ್ಲಿ ಡೋಲಿನ ಮೆರವಣಿಗೆ ಬಂತು. ಹಾರ ಹಾಕಿಕೊಂಡ ಒಬ್ಬ ದಪ್ಪ ಮೀಸೆಯವರು ಜೀಪಿನ ಮೇಲಿಂದ ಕೈ ಮುಗಿಯುತ್ತಿದ್ದರು. ಯಾರೆಂದು ಕೇಳಿದೆ. ನಮ್ಮ ಹೊಸ ಕಾರ್ಪೊರೇಟರ್ ಎಂದರು ನಮ್ಮವರು. ಜೀಪಿಗೆ ಕಟ್ಟಿದ್ದ ಗುರುತು ನೋಡಿದೆ. ನಾನು ಒತ್ತಿದ್ದು ಅದನ್ನೇ. ಇಷ್ಟು ವರ್ಷ ಅಳೆದು ಸುರಿದು ಹಾಕಿದ ನನ್ನ ಒಂದು ವೋಟೂ ಗೆದ್ದಿರಲಿಲ್ಲ. ಸಂತೋಷದಿಂದ ನಾನೂ ಕೈ ಮುಗಿದೆ. ಅವರು ಮಾತ್ರ ನಮ್ಮ ಮನೆ ಪಕ್ಕದ ವಾರ್ಡಿನದೆಂದು ತಿಳಿದಿರಬೇಕು, ಮುಖ ತಿರುಗಿಸಿಕೊಂಡು ಮುಂದೆ ಹೋದರು.