ದೇವರ ಹುಂಜಕ್ಕೆ ಪಂಚಾಯತಿಯ ಪರವಾನಗಿ

ನಿಯಮವೆಂದರೆ ನನಗೆ ಮೊದಲಿನಿಂದಲೂ ವಿಪರೀತ ಗೌರವ. ‘ಇಲ್ಲಿ ಉಗುಳಬಾರದು’ ಎಂಬ ಬೋರ್ಡು ಕಂಡರೆ ಸಾಕು, ಆ ರಸ್ತೆ ಮುಗಿಯುವವರೆಗೆ ಬಾಯಿ ಬಿಗಿಹಿಡಿದು ನಡೆಯುವ ಜಾತಿ ನನ್ನದು. ನನ್ನ ಹೆಂಡತಿ ಗಂಗವ್ವ ಹಾಗಲ್ಲ. ಅವಳಿಗೆ ನಿಯಮವೆಂದರೆ ಸಂತೆಯಲ್ಲಿ ಹೇಳಿದ ಮೊದಲ ರೇಟು ಇದ್ದ ಹಾಗೆ; ಅಲ್ಲಿಂದ ಮಾತು ಶುರುವಾಗಬೇಕು, ಅಷ್ಟೆ. ಇದು ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಗೋವೆಯ ಕೊರ್ಲಿಮ್ಮಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದೆ. ಹತ್ತಿರದ ಹಳ್ಳಿಯಲ್ಲಿ ಇಸಬೆಲ್ ಬಾಯಿ ಎಂಬ ವಿಧವೆಯ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದೆವು.

ಆ ವರ್ಷ ನನಗೆ ವಿಷಮಜ್ವರ ಬಂದು ಹಾಸಿಗೆ ಹಿಡಿದಿದ್ದೆ. ಡಾಕ್ಟರು ತಮ್ಮ ಇಂಜೆಕ್ಷನ್ನಿನಿಂದ ವಾಸಿಯಾಯಿತೆಂದರು. ಗಂಗವ್ವ ಮಾತ್ರ ನಮ್ಮೂರ ದೇವಿಗೆ ಒಂದು ಹುಂಜ ಬಿಡುತ್ತೇನೆಂದು ಬೇಡಿಕೊಂಡಿದ್ದಳು. ಕೆಂಪು ರೆಕ್ಕೆಯ, ಮಹಾ ಸಿಡುಕಿನ ಹುಂಜವೊಂದು ಮನೆಗೆ ಬಂತು. ರಜೆ ಸಿಕ್ಕಾಗ ಅದನ್ನು ಊರಿಗೆ ಒಯ್ದು ದೇವಿಯ ಗುಡಿಯಂಗಳದಲ್ಲಿ ಜೀವಂತ ಬಿಡಬೇಕು. ಅಲ್ಲಿಯವರೆಗೆ ಕಟ್ಟುವಂತಿಲ್ಲ, ಬುಟ್ಟಿಯಡಿ ಮುಚ್ಚುವಂತಿಲ್ಲ. ಅದು ಅವಳ ತವರಿನ ಪದ್ಧತಿ. ಹಾಗಾದರೆ ಬಸ್ಸಿನಲ್ಲಿ ಒಯ್ಯುವುದು ಹೇಗೆ ಎಂದು ಕೇಳಿದೆ. “ನಿಮ್ಮ ತೊಡಿ ಮ್ಯಾಲ ಕುಂದರ್ತೈತಿ ಬಿಡ್ರಿ” ಅಂದಳು.

ದೇವರ ಹುಂಜವೆಂಬುದು ಇಸಬೆಲ್ ಬಾಯಿಯ ಕೆಂಪು ಹರಿವೆ ಸೊಪ್ಪಿಗೆ ಹೇಗೆ ಗೊತ್ತಾಗಬೇಕು? ಹುಂಜ ದಿನಾ ಆ ಮಡಿಯನ್ನು ಕೆದರಿ ಹಾಕುತ್ತಿತ್ತು. ಆಕೆಯ ದೂರಿನ ಮೇಲೆ ಒಂದು ಬೆಳಿಗ್ಗೆ ಪಂಚಾಯತಿಯ ಕಾರ್ಕೂನರು ಬಂದರು. ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು. “ನೋಡ್ರಿ ಅಕ್ಕಾರ, ಮನ್ಯಾಗ ಕೋಳಿ ಸಾಕಾಕ ಪರವಾನಗಿ ಬೇಕು. ಸುತ್ತಲೂ ಮ್ಯಾಲೂ ಮುಚ್ಚಿದ ಜಾಗಾದಾಗ ಇಡಬೇಕು, ಬಾಜೂದವರು ಒಪ್ಪಬೇಕು. ವಾರದಾಗ ಆಗಲಿಲ್ಲಂದ್ರ ಹುಂಜ ನಾವು ಒಯ್ತೇವಿ” ಎಂದು ಸ್ಪಷ್ಟವಾಗಿ ಹೇಳಿ ಹೋದರು.

ನನಗೆ ಇದು ಬಹಳ ನ್ಯಾಯವಾಗಿ ಕಂಡಿತು. ಒಂದು ಬುಟ್ಟಿ ಮುಚ್ಚಿದರೆ ಮುಗಿಯಿತಲ್ಲ ಎಂದೆ. ಗಂಗವ್ವನ ಕಣ್ಣು ತುಂಬಿತು. “ನಿಮ್ಮ ಜೀವಕ್ಕ ಬೇಡಿಕೊಂಡದ್ದರೀ ಅದು. ಅದನ್ನ ಬುಟ್ಟ್ಯಾಗ ಕೆಡವಿ ನಾಳೆ ನಿಮಗೇನರ ಆತಂದ್ರ ನಾ ಯಾರ ಮುಂದ ಹೋಗಿ ಅಳ್ಲಿ?” ಇಂಥದನ್ನೆಲ್ಲ ನಾನು ನಂಬುವವನಲ್ಲ. ಆದರೂ ಅಂದಿನಿಂದ ಆ ಹುಂಜದ ಮೇಲೆ ಒಂದು ಕಣ್ಣಿಟ್ಟೆ. ಅದು ಕಾಳು ಬಿಟ್ಟರೆ ನನಗೂ ಊಟ ಸೇರುತ್ತಿರಲಿಲ್ಲ. ಒಮ್ಮೆ ಅದು ಮಂಕಾಗಿ ಮೂಲೆ ಹಿಡಿದಾಗ ಸುಮ್ಮನೆ ನನ್ನ ಹಣೆ ಮುಟ್ಟಿ ನೋಡಿಕೊಂಡೆ.

ಆ ವಾರವೆಲ್ಲ ನಾನು ಕಾರ್ಕೂನರ ಮುಂದೆ ಆಡಬೇಕಾದ ಮಾತುಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಗಂಗವ್ವ ಅಭ್ಯಾಸ ಮಾಡಲಿಲ್ಲ. ನೇರ ಇಸಬೆಲ್ ಬಾಯಿಯ ಅಡುಗೆಮನೆಗೆ ಹೋಗಿ, ಅರ್ಧ ಕೊಂಕಣಿ, ಅರ್ಧ ಕೈಸನ್ನೆಯಲ್ಲಿ ಹರಕೆಯ ಕತೆ ಹೇಳಿದಳು. ಇಸಬೆಲ್ ಬಾಯಿಯ ಮಗ ಹಡಗಿನ ಮೇಲಿದ್ದ. ಅವನು ಸುಖವಾಗಿ ಮರಳಲೆಂದು ಆಕೆ ವಾರವಾರವೂ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚುವವಳು. ಬಾಕಿ ವಿವರಣೆ ಬೇಕಾಗಲಿಲ್ಲ. ಇಬ್ಬರೂ ಸೇರಿ ಹೊಳೆದಂಡೆಯ ಮೀನುಗಾರರಿಂದ ಹರಿದ ಬಲೆಗಳನ್ನು ಹೊತ್ತು ತಂದರು. ಇಸಬೆಲ್ ಬಾಯಿ ತನ್ನ ಬಿದಿರುಗಳನ್ನೇ ಕೊಟ್ಟಳು, ಗಂಟು ಹಾಕುವುದನ್ನೂ ಕಲಿಸಿದಳು. ಸಂಜೆ ನಾನು ಡ್ಯೂಟಿಯಿಂದ ಬರುವಷ್ಟರಲ್ಲಿ ನಮ್ಮ ಹಿತ್ತಲಿಗೆ ಹಿತ್ತಲೇ ಬಲೆಯೊಳಗಿತ್ತು. ಹುಂಜ ಅದರಲ್ಲಿ ಜಮೀನ್ದಾರನಂತೆ ಅಡ್ಡಾಡುತ್ತಿತ್ತು.

ಕಾರ್ಕೂನರು ಬಂದು ನಾಲ್ಕೂ ದಿಕ್ಕು ನೋಡಿದರು, ಮೇಲೆ ನೋಡಿದರು. “ಹುಂಜ ಕಟ್ರಿ ಅಂದ್ರ ಹಿತ್ತಲನ್ನ ಕಟ್ಟೀರಲ್ರೀ ಅಕ್ಕಾರ!”

“ಹುಂಜ ಕಟ್ಟಾಕ ನಮ್ಮ ದೇವಿ ಒಪ್ಪೂದಿಲ್ರಿ ಸಾಹೇಬ್ರ. ಬಿಡಾಕ ನೀವು ಒಪ್ಪೂದಿಲ್ಲ. ಇಬ್ಬರ ಮಾತೂ ನಡಸಬೇಕಲ್ರಿ?”

ಕಾರ್ಕೂನರು ನಕ್ಕು ಪರವಾನಗಿ ಕೊಟ್ಟರು. ನನ್ನ ಭಾಷಣ ನನ್ನ ಗಂಟಲಲ್ಲೇ ಉಳಿಯಿತು. ಖರೆ ಹೇಳುತ್ತೇನೆ, ಆ ಹೊತ್ತು ಅವಳನ್ನು ಕಂಡು ನನಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ನಿಯಮವೊಂದರ ಮುಂದೆ ತಲೆ ಬಾಗಿಸುವುದಷ್ಟೇ ನನಗೆ ಗೊತ್ತಿತ್ತು. ಅದನ್ನು ಕೂರಿಸಿ ಚಹಾ ಕುಡಿಸಿ ಕಳಿಸಬಹುದೆಂದು ಅವಳಿಂದ ಕಲಿತೆ.

ಒಂದೇ ತೊಡಕು. ಗೋವೆಯ ಆ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿ. ಬಲೆ ಸರಿಸಿ, ಬಗ್ಗಿ, ಹುಂಜದ ರಾಜ್ಯ ದಾಟಿ ಹೋಗಬೇಕು. ಹೋಗುವಾಗ ಅದು ಬಿಡುತ್ತಿತ್ತು. ಸ್ನಾನ ಮುಗಿಸಿ ಹೊರಟೆನೋ, ಬರಿಗಾಲಿಗೇ ಕುಕ್ಕುತ್ತಿತ್ತು. ಒಂದು ದಿನ ಒದ್ದೆ ಟವೆಲ್ಲಿನಲ್ಲಿ ಬಚ್ಚಲ ಬಾಗಿಲ ಸಂದಿಯಿಂದ ಕೂಗಿದೆ: “ಬಸ್ಸಿನ ಹೊತ್ತಾತು, ಇದನ್ನ ಒಂದೀಟು ಬುಟ್ಟ್ಯಾಗ ಮುಚ್ಚ!”

“ಅದನ್ನ ಮುಚ್ಚಾಕ ಬರೂದಿಲ್ರಿ” ಎಂದು ಮನೆಯೊಳಗಿನಿಂದ ಉತ್ತರ ಬಂತು. “ನೀವ ಒಂದೀಟು ಒಳಗ ಕುಂದರ್ರಿ.”

ಬಾಗಿಲು ಮುಚ್ಚಿಕೊಂಡು ಕುಳಿತೆ. ದೂರದಲ್ಲಿ ನನ್ನ ಬಸ್ಸು ಹಾರನ್ ಹೊಡೆದು ಹೋದದ್ದು ಕೇಳಿಸಿತು. ಯಾರ ಮೇಲೆ ಸಿಟ್ಟು ಮಾಡಲಿ? ನನ್ನ ಜೀವ ಉಳಿಯಲಿ ಎಂದಷ್ಟೇ ಅವಳು ದೇವಿಯನ್ನು ಬೇಡಿಕೊಂಡಿದ್ದಳು. ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋಗಲಿ ಎಂದೇನೂ ಬೇಡಿಕೊಂಡಿರಲಿಲ್ಲ.