ಪೂಜೆಗಿಟ್ಟ ಪಾಠ

ಶ್ಯಾಮಣ್ಣನಿಗೆ ವರ್ಷದಲ್ಲಿ ತುಂಬ ಇಷ್ಟವಾದ ಹಬ್ಬ ಆಯುಧಪೂಜೆ. ಭಕ್ತಿಯಿಂದಲ್ಲ. ಅಂದು ಪುಸ್ತಕಗಳನ್ನು ಸರಸ್ವತಿಯ ಪಟದ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿಬಿಟ್ಟರೆ, ಮರುದಿನ ವಿಜಯದಶಮಿಯ ಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ಓದು ಅನ್ನುವ ಧೈರ್ಯ ಹೆತ್ತ ತಾಯಿಗೂ ಇಲ್ಲ. ಒಂದನೇ ಕ್ಲಾಸಿನಿಂದ ಇಂಜಿನಿಯರಿಂಗಿನ ಕೊನೆಯ ವರ್ಷದವರೆಗೂ, ಪೂಜೆಗೆ ಪುಸ್ತಕ ಕೊಡುವುದರಲ್ಲಿ ತಮಿಳುನಾಡಿನ ಗಡಿಯ ಹೊಸೂರಿನ ಪಕ್ಕದ ಅವಲಪಲ್ಲಿಗೆಲ್ಲ ಅವನೇ ಮೊದಲಿಗ.

ಎಂಬತ್ತೊಂಬತ್ತರ ಆ ಹಬ್ಬದ ಬೆಳಿಗ್ಗೆಯೂ ಎದ್ದವನೇ ಪುಸ್ತಕಗಳನ್ನೆಲ್ಲ ತಂದು ಅಮ್ಮನ ಮುಂದೆ ಸುರಿದ. ಅವುಗಳ ಮೇಲೆ ಕುಡುಗೋಲು, ಔಷಧಿ ಹೊಡೆಯುವ ಪಂಪು, ಅಪ್ಪನ ಸ್ಪ್ಯಾನರುಗಳು ಕೂತವು. ಮಂಗಳಾರತಿಯ ಹೊಗೆ ಇನ್ನೂ ಆರಿರಲಿಲ್ಲ, ಸಹಪಾಠಿ ಬೋರಯ್ಯ ಏದುಸಿರು ಬಿಡುತ್ತ ಸೈಕಲ್ಲಿನಲ್ಲಿ ಬಂದ.

"ಲೇ ಶ್ಯಾಮ, ನಾಳೆ ಎಂಟ್ ಗಂಟ್ಗೆ ವೈವಾ ಕಣ್ಲಾ! ಮದ್ರಾಸಿಂದ ಎಕ್ಸಾಮಿನರು ಬತ್ತಾವ್ರೆ."

"ಹಬ್ಬದ ದಿನ ಯಾವನಾನಾ ವೈವಾ ಮಡಗ್ತಾನೇನ್ಲಾ?"

"ಬೆಂಗ್ಳೂರಿಗೆ ಮಗಳ ಮನೆಗೆ ಹೋಗ್ತಾ ದಾರೀಲಿ ಮುಗಿಸ್ಕಂಡು ಹೋಗ್ತಾರಂತೆ. ವಿಜಯದಶಮಿ ಒಳ್ಳೆ ದಿನ ಅಂತ ಪ್ರಿನ್ಸಿಪಾಲ್ರೂ ಒಪ್ಕಂಡವ್ರೆ."

ಶ್ಯಾಮಣ್ಣ ಪಂಪಿನ ಅಡಿಯ ಪುಸ್ತಕಗಳತ್ತ ತಿರುಗಿ ನೋಡಿದ. ಆ ಮೌಖಿಕ ಪರೀಕ್ಷೆ ಇದ್ದದ್ದು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ಹೊಸ ಕಂಪ್ಯೂಟರ್ ಪಾಠಕ್ಕೆ. ಹಿಂದಿನ ವರ್ಷ ಅದು ಕಾಲೇಜಿಗೆ ಕಾಲಿಟ್ಟಾಗ ಇಡೀ ಕ್ಲಾಸೇ ಫೇಲಾಗಿ ಆ ಪೇಪರನ್ನು ಅರಿಯರ್ಸ್ ಎಂದು ಬಾಕಿ ಇಟ್ಟುಕೊಂಡಿತ್ತು. ಈ ಸಲವೂ ಕೈಕೊಟ್ಟರೆ ಗುಮ್ಮಳಾಪುರದ ಸೋದರಮಾವನ ಕೋಳಿ ಫಾರಂನಲ್ಲಿ ಗೊಬ್ಬರ ಬಾಚಲು ಕಳಿಸುವುದಾಗಿ ಅಪ್ಪ ವೆಂಕಟರಮಣಪ್ಪ ಖಡಾಖಂಡಿತವಾಗಿ ಹೇಳಿದ್ದರು. ಅವರು ಮಾತಿಗೆ ತಪ್ಪುವವರಲ್ಲ.

"ನಿನ್ ನೋಟ್ಸಾದ್ರೂ ಕೊಡ್ಲಾ."

"ಅವೂ ಪೂಜೆಗೆ ಹೋಗ್ಬುಟ್ಟವೆ. ನಾನಂತೂ ಮುಟ್ಟಾಕಿಲ್ಲಪ್ಪ. ಆ ತಾಯಿ ನೋಡ್ಕಂತಾಳೆ," ಎಂದು ಬೋರಯ್ಯ ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು ಹೊರಟ.

ಶ್ಯಾಮಣ್ಣ ಅಮ್ಮನ ಹತ್ತಿರ ಹೋಗಿ ಹಲ್ಲುಗಿಂಜಿದ. "ಅಮ್ಮಾ, ಒಂದೇ ಒಂದ್ ಬುಕ್ಕು ತಗೋತೀನಿ."

ಅಮ್ಮ ಮುನಿರತ್ನಮ್ಮನ ಕಣ್ಣು ಕೆಂಪಾಯಿತು. "ಹುಟ್ಟಿದಾಗ್ಲಿಂದ ಒಂದಿನಾನಾ ನೀನಾಗಿ ಬುಕ್ಕು ಕೇಳಿದ್ದಿಯೇನ್ಲಾ? ಇವತ್ತೇ ಬೇಕಾಯ್ತಾ? ತಾಯಿ ಮುಂದೆ ಮಡಗಿದ್ದ ತೆಗುದ್ರೆ ಇರೋ ವಿದ್ಯೇನೂ ಹೊಂಟೋಯ್ತದೆ."

"ಇದ್ರೆ ತಾನೇ ಹೋಗಾಕೆ," ಎಂದರು ಜಗಲಿಯಿಂದ ಅಪ್ಪ.

ಶ್ಯಾಮಣ್ಣ ಸೈಕಲ್ ಹತ್ತಿದ. ಹೊಸೂರಿನ ಗೆಳೆಯರ ಮನೆಗಳಲ್ಲೆಲ್ಲ ಪುಸ್ತಕಗಳು ಹೂ ಮುಡಿದು ಕೂತಿದ್ದವು. ಕಾಲೇಜಿನ ಲೈಬ್ರರಿಯ ಬೀಗಕ್ಕೂ ಕುಂಕುಮ. ಕಂಪ್ಯೂಟರ್ ರೂಮಿನ ಬಾಗಿಲಿಗೆ ಹಾರ ಹಾಕಿ, ಮುಂದೆ ಬೂದುಗುಂಬಳ ಒಡೆದಿದ್ದರು. ಕಿಟಕಿಯಿಂದ ಇಣುಕಲು ಹೋದವನು ಆ ಹೋಳಿನ ಮೇಲೇ ಕಾಲಿಟ್ಟು ಜಾರಿ ಬಿದ್ದು, ಹಣೆಗೆ ಮಾತ್ರವಲ್ಲ ಪ್ಯಾಂಟಿಗೂ ಕುಂಕುಮ ಮಾಡಿಕೊಂಡು ಮನೆಗೆ ಮರಳಿದ.

ಜಗಲಿಯಲ್ಲಿ ಕೂತು ನೆನಪಿದ್ದಷ್ಟನ್ನೇ ಬಾಯಲ್ಲಿ ಹೇಳಿಕೊಳ್ಳತೊಡಗಿದ. ಅವನು ಒಬ್ಬನೇ ಮಾತಾಡುವುದನ್ನು ಕಂಡು ಪಕ್ಕದ ಮನೆಯ ರಾಮಕ್ಕನೂ ಎದುರು ಮನೆಯ ನಾರಾಯಣಪ್ಪನೂ ಓಡಿ ಬಂದರು.

"ಏನಿಲ್ಲ ರಾಮಕ್ಕ, ಪಾಠ. ಈಗ ನೋಡು, ಒಂದು ಆಬ್ಜೆಕ್ಟು ತನ್ನ ಒಳಗಿರೋದ್ನ ಯಾರ್ಗೂ ತೋರ್ಸಲ್ಲ. ಕೇಳಿದ್ದಕ್ಕೆ ಮಾತ್ರ ಜವಾಬು ಕೊಡ್ತದೆ."

"ನಮ್ ಸೊಸೆ ಹಂಗೇನೇ," ಎಂದಳು ರಾಮಕ್ಕ.

"ಆಮೇಲೆ, ಅಪ್ಪನಲ್ಲಿರೋ ಗುಣ ಎಲ್ಲಾ ತಾನಾಗೇ ಮಗನಿಗೆ ಬತ್ತವೆ."

ನಾರಾಯಣಪ್ಪ ತಲೆ ಕೆರೆದುಕೊಂಡ. "ನಿಮ್ಮಪ್ಪ ಒಂದೇ ಏಟಿಗೆ ಎಸ್ಸೆಸ್ಸೆಲ್ಸಿ ಪಾಸ್ ಮಾಡಿದ್ರಲ್ಲಪ್ಪ. ನಿಂಗ್ಯಾಕೆ ಬರ್ನಿಲ್ಲ?"

"ಕೆಲವನ್ನ ಮಗ ಬದಲಾಯಿಸ್ಕೋಬೋದು ಮಾವ. ಅದಕ್ಕೂ ಒಂದು ಹೆಸರದೆ. ಬುಕ್ಕಲ್ಲದೆ."

ಆ ಹೆಸರು ಎಷ್ಟು ಹೆಣಗಿದರೂ ನೆನಪಾಗಲಿಲ್ಲ. ಮಧ್ಯಾಹ್ನ ಅಮ್ಮ ಪ್ರಸಾದ ಹಂಚಲು ಹೊರಟದ್ದೇ ತಡ, ಶ್ಯಾಮಣ್ಣ ಬೆಕ್ಕಿನಂತೆ ಒಳಗೆ ನುಗ್ಗಿ, ಪಂಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಪುಸ್ತಕ ಎಳೆದುಕೊಂಡ. ಜಾಗ ಖಾಲಿ ಕಾಣದಿರಲೆಂದು ಪಂಚಾಂಗ ತುರುಕಿದ. ಸರಸ್ವತಿಗೆ ಕೈಮುಗಿದು ಹಿತ್ತಲಿನ ಹುಲ್ಲಿನ ಮೆದೆಯ ಹಿಂದೆ ಅಡಗಿದ.

ಅಲ್ಲಿ ಒಂದು ಆಶ್ಚರ್ಯ ನಡೆಯಿತು. ಪಾಠ ಅರ್ಥವಾಯಿತು! ಕದ್ದು ಓದಿದ್ದಕ್ಕೋ ಏನೋ, ಒಂದೊಂದು ಸಾಲೂ ಕಜ್ಜಾಯದ ಹಾಗೆ ರುಚಿಸಿತು. ಅಚ್ಚು ಒಂದು, ಅದರಿಂದ ವಸ್ತುಗಳು ನೂರು. ಪ್ರತಿಯೊಂದಕ್ಕೂ ತನ್ನದೇ ಗುಟ್ಟು. ಇಷ್ಟು ಸೊಗಸಾದ ವಿಚಾರವನ್ನು ಮೇಷ್ಟ್ರು ವರ್ಷವಿಡೀ ಹೇಗೆ ಮುಚ್ಚಿಟ್ಟಿದ್ದರು? ಅವನಿಗೆ ನಿಜವಾಗಿಯೂ ಸಂತೋಷದಿಂದ ಕಣ್ಣು ತುಂಬಿತು. ಕೊನೆಯ ಪುಟ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು, ಮೊಟ್ಟೆ ಹುಡುಕುತ್ತ ರಾಮಕ್ಕ ಮೆದೆಯ ಹಿಂದೆ ಬಂದಿದ್ದಳು.

"ಅಯ್ಯಯ್ಯೋ! ಮುನಿರತ್ನಮ್ಮಾ, ನಿನ್ ಮಗ ಸರಸ್ವತಿ ಮುಂದಿಂದ ಬುಕ್ಕು ಕದ್ಕೊಂಡ್ ಬಂದವ್ನೆ!"

ಬೀದಿಯೇ ಕೂಡಿತು. ಮುನಿರತ್ನಮ್ಮ ಅತ್ತಳು. ನಾರಾಯಣಪ್ಪ ತಪ್ಪುಕಾಣಿಕೆ ಕಟ್ಟಿಸಿದ. ಕಿವಿ ಹಿಡಿದು ಬಸ್ಕಿ ಹೊಡೆಯುವಾಗಲೂ ಶ್ಯಾಮಣ್ಣನ ಮುಖದಲ್ಲಿ ನಗು ಇತ್ತು. ನಾಳೆ ಪಾಸಾಗುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಹುಡುಗರು ಒಬ್ಬೊಬ್ಬರೇ ಒಳಗೆ ಹೋಗಿ, ಎರಡು ನಿಮಿಷದಲ್ಲಿ ಇನ್ನೊಂದು ಬಾಗಿಲಿನಿಂದ ಹೊರಬೀಳುತ್ತಿದ್ದರು. ಶ್ಯಾಮಣ್ಣನ ಸರದಿ ಬಂತು. ಹಣೆ ತುಂಬ ವಿಭೂತಿ ಬಳಿದ ಎಕ್ಸಾಮಿನರು ತಮಿಳಿನಲ್ಲಿ ಕೇಳಿದರು, "ನಿನ್ನೆ ಓದಿದೆಯಾ?"

"ಪೂರ್ತಿ ಓದಿದೆ ಸಾರ್!"

ಅವರು ಬೆಚ್ಚಿಬಿದ್ದರು. "ಹಾಗಾದರೆ ಹೇಳು ನೋಡೋಣ."

ಶ್ಯಾಮಣ್ಣ ಹೇಳಿದ. ಬೋರ್ಡಿನ ಮೇಲೆ ಬರೆದು ತೋರಿಸಿದ. ಎಕ್ಸಾಮಿನರು ತದೇಕಚಿತ್ತದಿಂದ ಕೇಳಿ, ಕೊನೆಗೆ ದೊಡ್ಡ ನಿಟ್ಟುಸಿರುಬಿಟ್ಟರು.

"ತಂಬೀ, ಬಹಳ ಚೆನ್ನಾಗಿ ಹೇಳಿದೆ. ಆದರೆ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಪಾಠ ಹೊಸದು. ಉತ್ತರ ನೋಡೋಣ ಅಂದರೆ ನನ್ನ ಪುಸ್ತಕ ಮದ್ರಾಸಿನ ಮನೆಯಲ್ಲಿ ಪೂಜೆಗೆ ಕೂತಿದೆ. ನಿಮ್ಮ ಮೇಷ್ಟ್ರು ಊರಿಗೆ ಹೋಗಿದ್ದಾರೆ."

"ಮತ್ತೆ ಉಳಿದವರು, ಸಾರ್?"

"ಪುಸ್ತಕ ಪೂಜೆಗಿತ್ತು, ಓದಲಿಲ್ಲ ಅಂದರು. ಆ ಉತ್ತರ ಸರಿ ಅಂತ ನನಗೆ ಚೆನ್ನಾಗಿ ಗೊತ್ತು. ಹಬ್ಬದ ದಿನ ಮಕ್ಕಳನ್ನು ಯಾಕೆ ಅಳಿಸಲಿ ಅಂತ ಪಾಸು ಮಾಡಿದೆ. ನೀನು ಪಾಠದ ಉತ್ತರ ಹೇಳಿಬಿಟ್ಟೆ. ಅದು ತಪ್ಪಿದ್ದೂ ಮಾರ್ಕು ಕೊಟ್ಟರೆ ನಾಳೆ ನಾನು ಸಿಕ್ಕಿಬೀಳುತ್ತೇನೆ. ಏಪ್ರಿಲ್‌ಗೆ ಮತ್ತೆ ಬಾ."

ಅಂದೇ ಮಧ್ಯಾಹ್ನ ವೆಂಕಟರಮಣಪ್ಪ ಮಗನನ್ನು ಗುಮ್ಮಳಾಪುರದ ಬಸ್ಸು ಹತ್ತಿಸಿದರು. ಸರಸ್ವತಿ ಕೈಯಲ್ಲೇ ಶಿಕ್ಷೆ ಆಯಿತೆಂದು ಬೀದಿಯವರೆಲ್ಲ ಒಪ್ಪಿದ್ದರು. ಬಸ್ಸು ಹೊರಡುವುದರಲ್ಲಿತ್ತು, ಬೋರಯ್ಯ ಓಡಿಬಂದು ಕಿಟಕಿ ಹಿಡಿದುಕೊಂಡ.

"ಲೇ ಶ್ಯಾಮ, ನಾನು ಪಾಸಾದ್ನಲ್ಲಾ, ಸೋಮವಾರ ಫ್ಯಾಕ್ಟರೀಲಿ ಇಂಟರ್‌ವ್ಯೂ ಅದೆ. ಆ ಆಬ್ಜೆಕ್ಟು ಅಂದ್ರೆ ಏನು ಅಂತ ವಸಿ ಹೇಳ್ಕೊಡ್ಲಾ."

ಶ್ಯಾಮಣ್ಣನಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮೊದಲಿನಿಂದ ಕೊನೆಯವರೆಗೂ ಬಿಡಿಸಿ ಹೇಳಿದ. ಕಂಡಕ್ಟರು ಸೀಟಿ ಊದಿದ. ಬೋರಯ್ಯ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತ ಕೇಳಿದ:

"ಇಷ್ಟೆಲ್ಲಾ ಗೊತ್ತಿದ್ಕಂಡು ನೀನ್ಯಾಕ್ಲಾ ಫೇಲಾದೆ?"