ಫಣಿ ಭಾವನ ಕೈಗವಸು

"ಸುಗುಣಾ, ಇನ್ಮೇಲೆ ನಿನ್ನ ಕಾರು ಗ್ಯಾರೇಜಿನ ಮುಖ ನೋಡೋ ಹಾಗಿಲ್ಲ!"

ಬೆಳಗ್ಗೆ ಎಂಟೂಕಾಲಿಗೆ ಫಣಿ ಭಾವ ಎರಡೂ ಕೈ ಮೇಲೆತ್ತಿಕೊಂಡು ಮಹಡಿಯಿಂದ ಇಳಿದು ಬಂದರು. ಮೊಣಕೈವರೆಗೆ ಕರಿಯ ಗವಸು. ಅದರ ತುಂಬ ಪುಟ್ಟ ಪುಟ್ಟ ಮೋಟಾರು, ಮೇಲೆ ಮಿರಮಿರ ಮಿಂಚುವ ಸೋಲಾರ್ ಬಿಲ್ಲೆಗಳು.

ಫಣಿ ಭಾವ ಎಂದರೆ ನಮ್ಮವರ ಅಣ್ಣ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಮೂವತ್ನಾಲ್ಕು ವರ್ಷ ಕೂತು ನಿವೃತ್ತರಾದ ಮೇಲೆ ಯಂತ್ರ ಕಟ್ಟುವ ಹುಚ್ಚು ಹಿಡಿಸಿಕೊಂಡವರು. ಅವರ ದೋಸೆ ತಿರುವುವ ಯಂತ್ರದ ಮೊದಲ ದೋಸೆ ಇವತ್ತಿಗೂ ನಮ್ಮ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ! ಅಂಥವರು ನನ್ನ ಕಾರಿನ ಕಡೆ ಕಣ್ಣು ಹಾಕಿದ್ದರು. ಹತ್ತೊಂಬತ್ತು ವರ್ಷ ಸರಸ್ವತಿಪುರದ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟು, ಐವತ್ತೊಂದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ನಾನೇ ಕೊಂಡ ಕಾರು ಅದು.

"ಹಾಕ್ಕೊಂಡವನಿಗೆ ಏನೂ ಗೊತ್ತಿರಬೇಕಾಗಿಲ್ಲ, ಗೊತ್ತಿರೋದು ಕೈಗೆ!" ಎಂದರು ಭಾವ. "ಮೆಕ್ಯಾನಿಕ್ ಜಬ್ಬಾರ್ ಹದಿನೈದು ದಿನ ಇದನ್ನ ಹಾಕ್ಕೊಂಡು ಕೆಲಸ ಮಾಡಿದಾನೆ. ಅವನ ವಿದ್ಯೆಯೆಲ್ಲ ಇದರೊಳಗೆ ಇಳಿದಿದೆ."

"ಇವತ್ತು ಬೇಡಿ ಭಾವ. ಹನ್ನೊಂದಕ್ಕೆ ಆಕಾಶವಾಣೀಲಿ ನನ್ನ ಆಡಿಷನ್ನು."

ಎರಡು ಸಲ ಫೇಲಾಗಿದ್ದ ಆಡಿಷನ್ನು. ಮೂರನೆಯ ಸಲವೂ ಆಗದಿದ್ದರೆ ಇನ್ನು ಅರ್ಜಿ ಹಾಕುವುದಿಲ್ಲ ಎಂದು ದೇವರ ಮುಂದೆ ನಿಂತು ಹೇಳಿಬಿಟ್ಟಿದ್ದೆ.

"ಇಂಜಿನ್ ಆಯಿಲ್ ಬದಲಾಯಿಸೋಕೆ ಇಪ್ಪತ್ತೇ ನಿಮಿಷ. ನೀನು ಸೀರೆ ಉಟ್ಟು ಬರೋದ್ರೊಳಗೆ ಮುಗಿದಿರುತ್ತೆ."

"ನೀವು ಯಾವತ್ತಾದ್ರೂ ಬಾನೆಟ್ ತೆಗೆದಿದ್ದೀರಾ?"

"ಇಲ್ಲ! ಅದೇ ಇದರ ವಿಶೇಷ!"

ನನ್ನ ಬುದ್ಧಿಗೆ ಅದೇನು ಮಂಕು ಕವಿದಿತ್ತೋ, ಕೀ ಕೊಟ್ಟು ಒಳಗೆ ಹೋದೆ.

ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಹೊರಗಿನಿಂದ "ಅಯ್ಯಯ್ಯೋ!" ಎಂಬ ಕೂಗು ಕೇಳಿತು. ಓಡಿಬಂದು ನೋಡಿದರೆ ಕರಿಯ ಎಣ್ಣೆ ಅಂಗಳದ ತುಂಬ ಹರಿದು ರಂಗೋಲಿಯನ್ನು ನುಂಗಿ ತುಳಸಿಕಟ್ಟೆಯ ಬುಡ ಮುಟ್ಟಿತ್ತು! ಕಾರಿನ ಕೆಳಗಿನಿಂದ ಭಾವನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಕೆಳಗೊಂದು ಪಾತ್ರೆ ಇಡಬಾರದಾ?"

"ಪಾತ್ರೆ ಇಡಬೇಕು ಅಂತ ಕೈಗೆ ಗೊತ್ತಿತ್ತು. ಪಾತ್ರೆ ತರಬೇಕಾದೋನು ನಾನು. ನನಗೆ ಗೊತ್ತಿರಲಿಲ್ಲ!"

ಅಷ್ಟಕ್ಕೇ ನಿಂತಿದ್ದರೆ ತುಳಸಿಗೊಂದು ಕ್ಷಮೆ ಕೇಳಿ ಸುಮ್ಮನಾಗುತ್ತಿದ್ದೆ. ಕೈಗಳು ನಿಲ್ಲಲಿಲ್ಲ. ಭಾವನನ್ನು ದರದರ ಎಳೆದುಕೊಂಡು ಹೊರಬಂದು ನಾಲ್ಕು ಚಕ್ರ ಬಿಚ್ಚಿದವು. ಬಾನೆಟ್ ಬಿಚ್ಚಿದವು, ಬಾಗಿಲು ಬಿಚ್ಚಿದವು, ಸೀಟು ಕಳಚಿ ಮಾವಿನ ಮರದ ಕೆಳಗೆ ಇಟ್ಟವು. ಅದೂ ಎಷ್ಟು ಒಪ್ಪವಾಗಿ! ಮದುವೆಮನೆಯಲ್ಲಿ ಬಾಗಿನ ಜೋಡಿಸಿದ ಹಾಗೆ ನಟ್ಟು ಬೋಲ್ಟುಗಳನ್ನು ಸಾಲಾಗಿ ಜೋಡಿಸುತ್ತಿದ್ದವು.

"ಸಾಕು ನಿಲ್ಲಿಸಿ ಭಾವ!"

"ನಾನೆಲ್ಲಿ ಮಾಡ್ತಿದೀನಮ್ಮ? ಅವು ಮಾಡ್ತಿವೆ!"

"ಗವಸು ತೆಗೀರಿ ಹಾಗಾದ್ರೆ!"

"ಮಣಿಕಟ್ಟಿನ ಹತ್ತಿರ ಒಂದೊಂದು ಸ್ಕ್ರೂ ಇದೆ. ಈ ಕೈ ಆ ಕೈದು ಬಿಚ್ಚಬೇಕು. ಆದ್ರೆ ಅವಕ್ಕೆ ಪುರುಸೊತ್ತೆಲ್ಲಿದೆ!"

ನಾನೇ ಬಿಚ್ಚುತ್ತೇನೆಂದು ಸ್ಕ್ರೂಡ್ರೈವರ್ ತಂದೆ. ಬಲಗೈ ಅದನ್ನು ಕಸಿದುಕೊಂಡು ನಂಬರ್ ಪ್ಲೇಟ್ ಬಿಚ್ಚಿ ನನ್ನ ಕೈಗೇ ಕೊಟ್ಟಿತು! ಹಳೆಯ ಕೆಲಸದಾಳಿನ ಕೈಗೆ ಕೊಟ್ಟ ಹಾಗೆ!

ಗಂಟೆ ಒಂಬತ್ತೂಮುಕ್ಕಾಲು. ಜಬ್ಬಾರಿಗೆ ಫೋನ್ ಮಾಡಿ, ಶ್ರುತಿಪೆಟ್ಟಿಗೆ ಎತ್ತಿಕೊಂಡು ರಸ್ತೆಗೆ ಓಡಿದೆ. ಪರಿಚಯದ ಸಿದ್ದಪ್ಪಾಜಿಯ ಆಟೋ ಸಿಕ್ಕಿತು. ಇನ್ನೇನು ಹತ್ತಬೇಕು, "ಒಳ್ಳೇದಾಗ್ಲಿ ಕಣಮ್ಮಾ!" ಎಂದು ಹರಸುತ್ತ ಭಾವ ಹಿಂದೆಯೇ ಬಂದರು. ಬಂದವರು ಆಟೋಗೆ ಒರಗಿದರು.

ಮೊದಲು ಮೀಟರ್ ಹೋಯಿತು. ಆಮೇಲೆ ಕನ್ನಡಿ. ಸಿದ್ದಪ್ಪಾಜಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಚಕ್ರ.

"ಏನ್ ಬುದ್ಧಿ ಇದು!" ಎಂದು ಅವನು ಹೌಹಾರಿದ. "ಬಾಯಲ್ಲಿ ತಪ್ಪಾಯ್ತು ಅಂತೀರಿ, ಕೈಯಲ್ಲಿ ಚಕ್ರ ಬಿಚ್ತೀರಿ!"

"ತಪ್ಪಾಯ್ತು ಕಣಪ್ಪಾ, ನಿಜವಾಗ್ಲೂ ತಪ್ಪಾಯ್ತು," ಎನ್ನುತ್ತ ಭಾವ ಅವನಿಗೆ ಹಾರ್ನ್ ಕಿತ್ತು ಕೊಟ್ಟರು.

ಕೋಪಕ್ಕೆ ಕಿರುಚಬೇಕೆನಿಸಿತು, ತಡೆದುಕೊಂಡೆ. ಹಾಡಬೇಕಾದ ಗಂಟಲು!

ಬೈಕಿನಲ್ಲಿ ಬಂದ ಜಬ್ಬಾರ್, ಅಂಗಳದಲ್ಲಿ ಹರಡಿದ್ದ ಕಾರನ್ನೂ ರಸ್ತೆಯಲ್ಲಿ ಹರಡಿದ್ದ ಆಟೋವನ್ನೂ ನೋಡಿ ತಲೆ ಮೇಲೆ ಕೈಹೊತ್ತ.

"ನಿನ್ನ ವಿದ್ಯೆ ಇದೇನಾ ಜಬ್ಬಾರ್? ಬರೀ ಬಿಚ್ಚೋದಾ?" ಎಂದು ಅವನ ಮೇಲೆಯೇ ಹರಿಹಾಯ್ದೆ.

"ಅಕ್ಕಾ, ಗ್ಯಾರೇಜಲ್ಲಿ ಬೆಳಗ್ಗೆ ಬಿಚ್ತೀವಿ, ಮಧ್ಯಾಹ್ನದ ಮೇಲೆ ಫಿಟ್ ಮಾಡ್ತೀವಿ. ಸಾರು ದಿನಾ ಒಂದು ಗಂಟೆಗೆ ಗವಸು ಇಸ್ಕೊಂಡು ಊಟಕ್ಕೆ ಹೋಗೋರು. ಆಮೇಲೆ ಬರ್ತಾನೇ ಇರಲಿಲ್ಲ!"

"ಊಟ ಆದ್ಮೇಲೆ ಒಂದು ನಿದ್ದೆ ಮಾಡಬಾರದೇನಯ್ಯಾ?" ಎಂದರು ಭಾವ ನೊಂದುಕೊಂಡು.

ನೋಡಿ ಹೇಗಿದೆ! ಅವರ ಮಧ್ಯಾಹ್ನದ ನಿದ್ದೆಗೆ ನನ್ನ ಕಾರು ಬಲಿ!

ಜಬ್ಬಾರ್ ಜಾಣ. ಭಾವನ ಎಡಗೈಯನ್ನು ಹಿಡಿದು ಬಲಗೈಯ ಎದುರು ಒಡ್ಡಿದ. ಕಂಡ ಸ್ಕ್ರೂ ಬಿಡುವ ಕೈಯೇ ಅದು? ಸರ್ರನೆ ಬಿಚ್ಚಿತು. ಎಡಗವಸು ಕಳಚಿ ಬಿತ್ತು; ಜಬ್ಬಾರ್ ಅದನ್ನು ಚೀಲಕ್ಕೆ ತುರುಕಿ ಬಾಯಿ ಕಟ್ಟಿದ. ನಾವು ಚಪ್ಪಾಳೆ ತಟ್ಟಿದೆವು. ಬಲಗೈಯದನ್ನು ಬಿಚ್ಚಲು ಈಗ ಎಡಗವಸೇ ಇಲ್ಲವೆಂದು ಆಮೇಲೆ ಹೊಳೆಯಿತು! ಜಬ್ಬಾರ್ ಹತ್ತಿರ ಹೋದ; ಅವನ ವಾಚು ಕೆಳಗೆ ಬಿತ್ತು.

"ಬಿಸಿಲು ತಪ್ಪಿಸಿದ್ರೆ ಚಾರ್ಜ್ ಇಳಿಯುತ್ತೆ," ಎಂದರು ಭಾವ. ಅವರನ್ನು ಅಡುಗೆಮನೆಗೆ ನೂಕಿ, ಬಲಗೈಯನ್ನು ಮೊಣಕೈವರೆಗೆ ಅಕ್ಕಿ ಡಬ್ಬದಲ್ಲಿ ಹುಗಿದು, "ಅಲ್ಲಾಡಿದ್ರೆ ಜೋಕೆ!" ಎಂದೆ. ಭಾವನಿಗೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ರೇಷ್ಮೆ ಸೀರೆಯಲ್ಲಿ, ತೊಡೆಯ ಮೇಲೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಜಬ್ಬಾರನ ಬೈಕಿನ ಹಿಂದೆ ಕೂತು ಆಕಾಶವಾಣಿ ತಲುಪಿದಾಗ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಸ್ಟುಡಿಯೋದ ಗಾಜಿನಾಚೆಯಿಂದ ಪರೀಕ್ಷಕರು ನೀಲಾಂಬರಿ ಹಾಡಿ ಎಂದರು. ಜೋಗುಳದ ರಾಗ! ನಾನು ಹಾಡಿದ ರಭಸಕ್ಕೆ ತೊಟ್ಟಿಲ ಕೂಸು ಎದ್ದು ಓಡಬೇಕು.

ಆಮೇಲೆ ಯಾರೋ ಮೆಲ್ಲಗೆ ಕೇಳಿದರು: "ಅಮ್ಮಾ, ಅಠಾಣ ಹಾಡ್ತೀರಾ?"

ಅಠಾಣ ಆರ್ಭಟದ ರಾಗ. "ಇವತ್ತು ಅದೊಂದೇ ಬರೋದು ಸಾರ್!" ಎಂದೆ.

ಹಾಡಿದೆ. ಹರಿದ ಎಣ್ಣೆ, ಕಿತ್ತ ಹಾರ್ನು, ಎರಡು ಸಲ ಬಂದಿದ್ದ 'ವಿಷಾದಿಸುತ್ತೇವೆ' ಪತ್ರ ಎಲ್ಲವನ್ನೂ ಸೇರಿಸಿ ಹಾಡಿದೆ. ಮೂರು ವಾರಕ್ಕೆ ಆಯ್ಕೆಯ ಪತ್ರ ಬಂತು. ಓದಿ ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ.

"ನನ್ನ ಗವಸಿನಿಂದ್ಲೇ ನೀನು ಪಾಸಾಗಿದ್ದು!" ಎಂದರು ಭಾವ. ಹೇಳುವುದಕ್ಕೆ ಅವರಿಗೆ ಬಾಯಾದರೂ ಹೇಗೆ ಬಂತೋ!

ಗವಸಿನ ಜೋಡಿ ಆಡಿಷನ್ನಿನ ದಿನ ಸಂಜೆಯೇ ಚಾರ್ಜ್ ಇಳಿದು ತಣ್ಣಗಾಗಿತ್ತು. ಮರುದಿನವೇ ಅದನ್ನು ತಳ್ಳುಗಾಡಿಯ ಗುಜರಿಯವನಿಗೆ ಕೊಟ್ಟಿದ್ದೆ. ಅವನು ಒಳ್ಳೆಯ ಬಿಸಿಲಿನಲ್ಲಿ ಗಾಡಿಯ ಹಿಡಿಗೆ ನೇತುಹಾಕಿಕೊಂಡು ಹೊರಟ. ಒಳಗೆ ಕೈಯಿರಲಿಲ್ಲ, ಅದಕ್ಕೆ ಬೇಕೂ ಇರಲಿಲ್ಲ. ಬೀದಿಯ ತಿರುವು ತಲುಪುವಷ್ಟರಲ್ಲಿ ತಕ್ಕಡಿ, ಚಕ್ರ, ಹಲಗೆ ಎಲ್ಲ ಕಳಚಿ, ಗುಜರಿಯವನ ಗಾಡಿಯೇ ಗುಜರಿಯಾಗಿ ಬಿದ್ದಿತ್ತು!

ಜಬ್ಬಾರ್ ಮೊದಲು ಆಟೋ ಕೂಡಿಸಿದ, ಆಮೇಲೆ ಒಂಬತ್ತು ದಿನ ಹಿಡಿದು ನನ್ನ ಕಾರು ಕೂಡಿಸಿದ. ಅದು ಬಂದ ಮರುದಿನ ಬೆಳಗ್ಗೆ ಭಾವ ತೋಳು ಮಡಚಿ ನಿಂತಿದ್ದರು.

"ಇವತ್ತು ಕಾರು ನಾನೇ ತೊಳೀತೀನಮ್ಮ. ಯಂತ್ರಗಿಂತ್ರ ಏನಿಲ್ಲ, ಬರಿಗೈ."

ಮನೆಯೆಲ್ಲ ಹುಡುಕಿ, ಹಿಡಿ ಕಿತ್ತುಹೋಗಿದ್ದ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಕೊಟ್ಟೆ. ಅದರಲ್ಲಿ ಬಿಚ್ಚುವುದಕ್ಕೆ ಏನೂ ಇರಲಿಲ್ಲ.